ಜಪಾನ್ ಶಾಲೆ ಬಗ್ಗೆ ವಾಟ್ಸಾಪ್‌ನಲ್ಲಿ ಬರುವುದರಲ್ಲಿ ನಿಜ ಎಷ್ಟು? ನಮ್ಮ ಶಾಲೆಗೆ ತರುವಂಥದ್ದು ಏನಿದೆ?

ಎಸ್‌ಡಿಎಂಸಿ ಮೆಂಬರ್:
ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಯಲ್ಲಿದ್ದೇನೆ. ನಮ್ಮ ಹೆಡ್ಮಾಸ್ಟರ್ ಒಳ್ಳೆಯವರು, ಉತ್ಸಾಹಿ. ಆದರೆ ಈಚೆಗೆ ಅವರಿಗೆ ಜಪಾನ್ ಗುಂಗು ಹಿಡಿದಿದೆ. ಗ್ರೂಪಿಗೆ ದಿನಾ ಒಂದು ಫಾರ್ವರ್ಡ್. ಜಪಾನಿನಲ್ಲಿ ಹತ್ತು ವರ್ಷ ಆಗುವವರೆಗೆ ಮಕ್ಕಳಿಗೆ ಪರೀಕ್ಷೆಯೇ ಇಲ್ಲವಂತೆ, ಮೊದಲ ಮೂರು ವರ್ಷ ಬರೀ ನಡತೆ ಕಲಿಸುತ್ತಾರಂತೆ, ಶಾಲೆಯಲ್ಲಿ ಜವಾನರೇ ಇಲ್ಲವಂತೆ, ಮಕ್ಕಳೇ ಕಸ ಗುಡಿಸಿ ಶೌಚಾಲಯವನ್ನೂ ತೊಳೆಯುತ್ತಾರಂತೆ. ಈಗ ನಮ್ಮಲ್ಲೂ 'ಜಪಾನ್ ಪದ್ಧತಿ' ಶುರು ಮಾಡೋಣ, ಮೊದಲು ಸ್ವಚ್ಛತೆಯಿಂದ ಎಂದಿದ್ದಾರೆ. ಸಭೆಯಲ್ಲಿ ಅರ್ಧ ಜನ ಚಪ್ಪಾಳೆ ತಟ್ಟಿದರು. ಇನ್ನರ್ಧ ಜನ "ನಮ್ ಮಕ್ಳು ಓದೋಕೆ ಬರ್ತವೆ, ಕಸ ಹೊಡೆಯೋಕಲ್ಲ" ಅಂತ ಎದ್ದು ಹೋದರು. ನಾನು ಮಧ್ಯದಲ್ಲಿ ಸಿಕ್ಕಿಕೊಂಡಿದ್ದೇನೆ. ಅಲ್ಲಿ ಇದ್ದು ನೋಡಿದವರು ಯಾರಾದರೂ ಇದ್ದರೆ ನಿಜ ಹೇಳಿ. ನಮ್ಮಂಥ ಶಾಲೆಗೆ ಅಲ್ಲಿಂದ ತರುವಂಥದ್ದು ಏನಾದರೂ ಇದೆಯಾ?

ಗಾಂಧಿಬಜಾರ್ ದೋಸೆ:
ನನ್ನ ಮಗ ತಿಂದ ತಟ್ಟೆಯನ್ನು ಸಿಂಕ್‌ವರೆಗೆ ತೆಗೆದುಕೊಂಡು ಹೋದರೆ ಸಾಕು, ಅವತ್ತೇ ನಮ್ಮನೆ ಜಪಾನ್ ಆಯಿತು ಅಂದುಕೊಳ್ಳುತ್ತೇನೆ.

ನಗೋಯಾ ಪಕ್ಕದವನು:
ನನ್ನ ಇಬ್ಬರು ಮಕ್ಕಳೂ ಐಚಿ ಪ್ರಾಂತ್ಯದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದಾರೆ. ನಿಮ್ಮ ಫಾರ್ವರ್ಡ್‌ನಲ್ಲಿ ಅರ್ಧ ನಿಜ, ಅರ್ಧ ಬುರುಡೆ.

ಪರೀಕ್ಷೆ ಇಲ್ಲ ಅನ್ನುವುದು ಶುದ್ಧ ಸುಳ್ಳು. ಒಂದನೇ ಕ್ಲಾಸಿನಿಂದಲೇ ಪ್ರತಿ ಪಾಠ ಮುಗಿದ ಮೇಲೆ ಟೆಸ್ಟ್ ಇರುತ್ತದೆ. ಕಂಜಿ ಅಕ್ಷರಗಳ ಟೆಸ್ಟಂತೂ ಮುಗಿಯುವುದೇ ಇಲ್ಲ. ಆರು ವರ್ಷದಲ್ಲಿ 1026 ಕಂಜಿ ಕಲಿಯಬೇಕು, ಮೊದಲ ವರ್ಷವೇ 80. ಇಲ್ಲದಿರುವುದು ಫೇಲ್ ಮಾಡುವುದು. ಒಂಬತ್ತನೇ ಕ್ಲಾಸಿನವರೆಗೆ ವಯಸ್ಸಿನ ಪ್ರಕಾರ ಎಲ್ಲರೂ ಮುಂದೆ ಹೋಗುತ್ತಾರೆ. ಜರಡಿ ಹಿಡಿಯುವುದು ಆಮೇಲೆ, ಹೈಸ್ಕೂಲ್ ಪ್ರವೇಶ ಪರೀಕ್ಷೆಯಲ್ಲಿ.

ಮೂರು ವರ್ಷ ಬರೀ ನಡತೆ ಅನ್ನುವುದೂ ಸುಳ್ಳು. ನೀತಿ ಪಾಠ ವಾರಕ್ಕೆ ಒಂದೇ ಪಿರಿಯಡ್. ಪ್ರಾಥಮಿಕ ಶಾಲೆಯಲ್ಲಿ ಅದು ಪಠ್ಯಪುಸ್ತಕ ಇರುವ ಅಧಿಕೃತ ವಿಷಯ ಆಗಿದ್ದೇ 2018ರಲ್ಲಿ.

ಜವಾನರಿಲ್ಲ ಅನ್ನುವುದೂ ಸರಿಯಲ್ಲ. ರಿಪೇರಿ, ಗಿಡ, ಗೇಟು ನೋಡಿಕೊಳ್ಳಲು ಸಿಬ್ಬಂದಿ ಇದ್ದಾರೆ. ಮಕ್ಕಳು ಸ್ವಚ್ಛ ಮಾಡುವುದು ಮಾತ್ರ ನಿಜ. ಸಾಮಾನ್ಯವಾಗಿ ಊಟವಾದ ಮೇಲೆ ಹದಿನೈದಿಪ್ಪತ್ತು ನಿಮಿಷ. ಕ್ಲಾಸಿನಲ್ಲಿ ಗುಂಪುಗಳಿವೆ, ಯಾವ ವಾರ ಯಾರಿಗೆ ಯಾವ ಜಾಗ ಎನ್ನುವ ಪಟ್ಟಿ ಗೋಡೆಯ ಮೇಲಿರುತ್ತದೆ. ಈ ವಾರ ಬೋರ್ಡು, ಮುಂದಿನ ವಾರ ಮೆಟ್ಟಿಲು. ಒಂದನೇ ಕ್ಲಾಸಿನ ಚಿಕ್ಕವರಿಗೆ ಆರನೇ ಕ್ಲಾಸಿನವರು ಬಂದು ತೋರಿಸಿಕೊಡುತ್ತಾರೆ. ಟೀಚರ್ ಕೂಡ ಬಟ್ಟೆ ಹಿಡಿದು ನೆಲ ಒರೆಸುತ್ತಾರೆ. ಇದನ್ನು ನಿಮ್ಮ ಹೆಡ್ಮಾಸ್ಟರ್‌ಗೆ ಖಂಡಿತ ಹೇಳಿ. ಶೌಚಾಲಯದ ವಿಷಯ ಶಾಲೆಯಿಂದ ಶಾಲೆಗೆ ಬೇರೆ.

ತುಂಗಾ ತೀರ:
ಇದರಲ್ಲಿ ಹೊಸದೇನಿದೆ ಸ್ವಾಮಿ? ನಾವು ಓದುವಾಗ ಶನಿವಾರ ಬೆಳಗ್ಗೆ ಶಾಲೆಗೆ ಸಗಣಿ ಸಾರಿಸುತ್ತಿದ್ದೆವು. ಜಪಾನಿನವರು ಮಾಡಿದರೆ ಶಿಸ್ತು, ನಾವು ಮಾಡಿದರೆ ಹಳ್ಳಿ ಶಾಲೆ.

ಕೆಜಿಎಫ್ ಅಕ್ಕ:
@ತುಂಗಾ ತೀರ, "ಸಾರಿಸುತ್ತಿದ್ದೆವು" ಅಂದಿರಲ್ಲ, ಅದರಲ್ಲಿ ನೀವು ಸಾರಿಸಿದ್ದೆಷ್ಟು? ನಮ್ಮ ಶಾಲೆಯಲ್ಲಿ ಗುಡಿಸುವುದು, ಸಾರಿಸುವುದು, ರಂಗೋಲಿ ಎಲ್ಲ ಹುಡುಗಿಯರ ಪಾಲು. ಹುಡುಗರು ಬೋರ್‌ವೆಲ್ ಹತ್ತಿರ ನೀರು ತರುವ ನೆಪದಲ್ಲಿ ಆಟ. ಅದರಲ್ಲೂ ಶೌಚಾಲಯಕ್ಕೆ ನೀರು ಹಾಕಲು ಯಾವ ಕೇರಿಯ ಮಕ್ಕಳ ಹೆಸರು ಕರೆಯುತ್ತಿದ್ದರು ಅಂತ ನಾನು ಬಿಡಿಸಿ ಹೇಳಬೇಕಾ?

ಹಳೇ ಕಥೆ ಅನ್ನಬೇಡಿ. 2023ರ ಡಿಸೆಂಬರಿನಲ್ಲಿ ನಮ್ಮದೇ ಕೋಲಾರ ಜಿಲ್ಲೆಯ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಬಂತು. ಪೇಪರಿನಲ್ಲಿ, ಟಿವಿಯಲ್ಲಿ ಎಲ್ಲ ನೋಡಿದ್ದೀರಿ. ಎದ್ದು ಹೋದ ತಂದೆತಾಯಿಗಳನ್ನು ಸೋಮಾರಿ ಮಕ್ಕಳ ಅಪ್ಪ ಅಮ್ಮ ಅಂತ ಅಂದುಕೊಳ್ಳಬೇಡಿ. ಪೊರಕೆ ಕೊನೆಗೆ ಯಾರ ಕೈಗೆ ಬರುತ್ತದೆ ಅಂತ ಅವರಿಗೆ ಅನುಭವದಿಂದ ಗೊತ್ತು. ಗೋಡೆ ಮೇಲಿನ ಪಟ್ಟಿ, ಎಲ್ಲರಿಗೂ ಸರದಿ, ಟೀಚರ್ ಕೈಯಲ್ಲೂ ಬಟ್ಟೆ, ಹುಡುಗ ಹುಡುಗಿ ಸಮ. ಇಷ್ಟಿದ್ದರೆ ಮಾತಾಡೋಣ. ಇಲ್ಲದಿದ್ದರೆ ಜಪಾನ್ ಹೆಸರಲ್ಲಿ ಹಳೇದೇ ನಡೆಯುತ್ತದೆ. ಶೌಚಾಲಯ ಮಾತ್ರ ಮಕ್ಕಳ ಹತ್ತಿರ ಬೇಡವೇ ಬೇಡ.

ತುಂಗಾ ತೀರ:
ನಾನು ಜಾತಿ ವಿಷಯ ಎತ್ತಲೇ ಇಲ್ಲ.

ಕೆಜಿಎಫ್ ಅಕ್ಕ:
ನೀವು ಎತ್ತಲ್ಲ, ಅದೇ ತೊಂದರೆ.

ಕೋಚಿ ಟು ಕೊಚ್ಚಿ:
ಜಪಾನಿನಲ್ಲಿ ಈ ಥರದ್ದು ಇಲ್ಲವೇ ಇಲ್ಲ ಅಂತ ಅಂದುಕೊಳ್ಳುವವರಿಗೆ ಒಂದು ಮಾತು. ಅಲ್ಲೂ ಬುರಾಕು ಸಮುದಾಯ ಇದೆ. ಹಿಂದೆ ಚರ್ಮದ ಕೆಲಸ, ಕಸಾಯಿ ಕೆಲಸ ಮಾಡುತ್ತಿದ್ದವರೆಂದು ದೂರ ಇಟ್ಟಿದ್ದರು. ಶಾಲೆಯಲ್ಲೂ ಅವಮಾನ ಇತ್ತು. 1961ರಲ್ಲಿ ಕೋಚಿ ಪ್ರಾಂತ್ಯದ ನಾಗಹಾಮ ಎಂಬಲ್ಲಿ ಆ ಸಮುದಾಯದ ತಾಯಂದಿರು ಪಠ್ಯಪುಸ್ತಕ ಪುಕ್ಕಟೆ ಕೊಡಿ, ಸಂವಿಧಾನದಲ್ಲೇ ಕಡ್ಡಾಯ ಶಿಕ್ಷಣ ಉಚಿತ ಅಂತ ಇದೆ ಎಂದು ಹೋರಾಟಕ್ಕೆ ಇಳಿದರು. ಅದು ದೇಶಕ್ಕೆಲ್ಲ ಹಬ್ಬಿ 1963ರಲ್ಲಿ ಕಾನೂನಾಯಿತು. ಇವತ್ತು ಅಲ್ಲಿ ಎಲ್ಲ ಮಕ್ಕಳಿಗೂ ಪುಸ್ತಕ ಉಚಿತ. ಇದು ಯಾವ ಫಾರ್ವರ್ಡ್‌ನಲ್ಲೂ ಬರಲ್ಲ ನೋಡಿ.

ಹಾಸನ್ ಹೈವೇ:
ಬಿಸಿಯೂಟದ ಬಗ್ಗೆ ಯಾರಾದರೂ ಹೇಳಿ. ಅಲ್ಲಿ ಮಕ್ಕಳೇ ಬಡಿಸುತ್ತಾರೆ ಅನ್ನುವ ವಿಡಿಯೋ ನೋಡಿದೆ, ಬಿಳಿ ಟೋಪಿ ಹಾಕಿಕೊಂಡು.

ನಗೋಯಾ ಪಕ್ಕದವನು:
ಹೌದು, ಅದು ನಿಜ. ಬಡಿಸುವುದಕ್ಕೂ ಸರದಿ. ಟೀಚರ್ ಅದೇ ಕ್ಲಾಸಿನಲ್ಲಿ ಅದೇ ಊಟ ಮಾಡುತ್ತಾರೆ. ಶಾಲಾ ಊಟದ ಕಾನೂನು 1954ರದ್ದು. 2005ರಿಂದ ಪೌಷ್ಟಿಕಾಂಶ ಕಲಿಸಲು ಪ್ರತ್ಯೇಕ ಟೀಚರುಗಳ ಹುದ್ದೆಯೂ ಬಂತು. ಆದರೆ ನಮ್ಮಂಥವರ ಪಾಡು ಬೇರೆ. ಸಾರಿಗೂ ಮೀನಿನ ರಸ ಹಾಕಿರುತ್ತಾರೆ. ನಮ್ಮ ಮನೆಯಲ್ಲಿ ಸಸ್ಯಾಹಾರ, ಹಾಗಾಗಿ ದೊಡ್ಡವಳು ಡಬ್ಬಿ ಒಯ್ಯುತ್ತಿದ್ದಳು. ಎಲ್ಲರೂ ಒಂದೇ ಊಟ ಮಾಡುವ ಕಡೆ ಒಬ್ಬಳೇ ಚಿತ್ರಾನ್ನ ಬಿಚ್ಚುವುದು ಸುಲಭದ ಮಾತಲ್ಲ. ಚಿಕ್ಕವನು ಮೀನು ತಿನ್ನಲು ಶುರು ಮಾಡಿದ್ದಾನೆ. ಊರಿಗೆ ಇನ್ನೂ ಹೇಳಿಲ್ಲ.

ಗಾಂಧಿಬಜಾರ್ ದೋಸೆ:
ಈಗ ಊರಿಗೆಲ್ಲ ಹೇಳಿದ ಹಾಗಾಯಿತು.

ಮಲೆನಾಡ ಮೇಷ್ಟ್ರು:
ನಾನು ಶಿವಮೊಗ್ಗ ಜಿಲ್ಲೆಯಲ್ಲಿ ಪಾಠ ಮಾಡಿ ನಿವೃತ್ತನಾದವನು. ಎಲ್ಲರೂ ಪೊರಕೆ ಹಿಡಿದು ಜಗ್ಗಾಡುತ್ತಿದ್ದೀರಿ. ಜಪಾನಿನ ಶಾಲೆಯಲ್ಲಿ ನನಗೆ ಹೊಟ್ಟೆಕಿಚ್ಚು ತರಿಸಿದ ವಿಷಯ ಬೇರೆ. ಅಲ್ಲಿನ ಟೀಚರುಗಳು ಒಬ್ಬರ ಪಾಠವನ್ನು ಇನ್ನೊಬ್ಬರು ಕೂತು ನೋಡುತ್ತಾರೆ. ಇನ್ಸ್‌ಪೆಕ್ಷನ್ ಅಲ್ಲ. ಅದಕ್ಕೆ ಜುಗ್ಯೋ ಕೆಂಕ್ಯು ಅನ್ನುತ್ತಾರೆ. ನೂರು ವರ್ಷಕ್ಕೂ ಹಳೆಯ ಅಭ್ಯಾಸ.

ಒಂದು ಉದಾಹರಣೆ ಕೊಡುತ್ತೇನೆ. ಒಂದನೇ ಕ್ಲಾಸಿನ ಕಳೆಯುವ ಲೆಕ್ಕ, 13ರಲ್ಲಿ 9. ನಾವು ಏನು ಮಾಡುತ್ತೇವೆ? "ಮೂರರಲ್ಲಿ ಒಂಬತ್ತು ಹೋಗಲ್ಲ, ಪಕ್ಕದಿಂದ ಒಂದು ದಶಕ ತಗೋ" ಅಂತ ಹೇಳಿಕೊಟ್ಟು ಅದೇ ಥರದ ಹತ್ತು ಲೆಕ್ಕ ಕೊಡುತ್ತೇವೆ. ಅಲ್ಲಿ ಟೀಚರುಗಳು ಮೊದಲ ದಿನ 13−9 ಇಡಬೇಕೋ 12−3 ಇಡಬೇಕೋ ಅಂತಲೇ ಕೂತು ವಾದ ಮಾಡುತ್ತಾರೆ. ಸುಮ್ನೆ ಅಲ್ಲ. 12−3 ಕೊಟ್ಟರೆ ಮಗು ಮೊದಲು 2 ತೆಗೆದು ಹತ್ತಕ್ಕೆ ಬಂದು ಇನ್ನೊಂದು ತೆಗೆಯುತ್ತದೆ. 13−9 ಕೊಟ್ಟರೆ ಹತ್ತರಲ್ಲೇ ಒಂಬತ್ತು ತೆಗೆದು, ಉಳಿದ 1ಕ್ಕೆ 3 ಸೇರಿಸುವ ದಾರಿ ತಾನಾಗಿ ಕಾಣುತ್ತದೆ. ಯಾವ ಅಂಕಿ ಇಟ್ಟರೆ ಮಗುವಿನ ತಲೆ ಯಾವ ಕಡೆ ಓಡುತ್ತದೆ ಅನ್ನುವುದು ಅವರ ಚರ್ಚೆ.

ಆಮೇಲೆ ಒಬ್ಬರು ಪಾಠ ಮಾಡುತ್ತಾರೆ. ಉಳಿದವರು ಗೋಡೆ ಪಕ್ಕ ನಿಂತು, ಟೀಚರನ್ನಲ್ಲ, ಮಕ್ಕಳನ್ನು ನೋಡಿ ಬರೆದುಕೊಳ್ಳುತ್ತಾರೆ. ಒಬ್ಬ ಬೆರಳು ಮಡಚಿ ಒಂದೊಂದಾಗಿ ಹಿಂದಕ್ಕೆ ಎಣಿಸಿದ. ಇನ್ನೊಬ್ಬಳು 3 ತೆಗೆದು ಆಮೇಲೆ 6 ತೆಗೆದಳು. ಮತ್ತೊಬ್ಬ ಹತ್ತರಿಂದ ತೆಗೆದ. ಎಲ್ಲ ದಾರಿಗಳನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಸುತ್ತಾರೆ, ಪಿರಿಯಡ್ ಮುಗಿಯುವವರೆಗೆ ಅಳಿಸುವುದಿಲ್ಲ. ಯಾವುದು ಸುಲಭ, ಯಾಕೆ ಅಂತ ಮಕ್ಕಳೇ ಜಗಳಾಡಬೇಕು. ಸಂಜೆ ಟೀಚರುಗಳು ಕೂತು ಆ ಪಾಠವನ್ನು ಬಿಚ್ಚಿ ನೋಡುತ್ತಾರೆ. ಪಾಠ ಇಡೀ ಗುಂಪಿನದ್ದು, ಹಾಗಾಗಿ ಯಾರಿಗೂ ಅವಮಾನ ಇಲ್ಲ.

ನನ್ನ ಇಡೀ ಸರ್ವಿಸಿನಲ್ಲಿ ನನ್ನ ಪಾಠ ನೋಡಿದವರು ಇಬ್ಬರೇ. ಒಬ್ಬರು ಇನ್ಸ್‌ಪೆಕ್ಟರ್, ಇನ್ನೊಬ್ಬರು ದಾರಿ ತಪ್ಪಿ ಬಂದ ಎಲ್‌ಐಸಿ ಏಜೆಂಟ್.

ಡೇಟಾ ದಾವಣಗೆರೆ:
ಮೇಷ್ಟ್ರು ಹೇಳಿದ್ದಕ್ಕೆ ಒಂದು ಆಧಾರ. 1995ರ ಟಿಮ್ಸ್ ಅನ್ನುವ ಅಂತರರಾಷ್ಟ್ರೀಯ ಗಣಿತ-ವಿಜ್ಞಾನ ಅಧ್ಯಯನದಲ್ಲಿ ಜರ್ಮನಿ, ಜಪಾನ್, ಅಮೆರಿಕದ ಎಂಟನೇ ಕ್ಲಾಸಿನ 231 ಗಣಿತ ಪಾಠಗಳನ್ನು ವಿಡಿಯೋ ಮಾಡಿ ಹೋಲಿಸಿದರು. ಮಕ್ಕಳು ತಾವೇ ಕೂತು ಲೆಕ್ಕ ಮಾಡುವ ಸಮಯದಲ್ಲಿ ಅಮೆರಿಕದಲ್ಲಿ 90%ಕ್ಕಿಂತ ಜಾಸ್ತಿ ಹೇಳಿಕೊಟ್ಟ ವಿಧಾನದ ಅಭ್ಯಾಸಕ್ಕೇ ಹೋಗುತ್ತಿತ್ತು. ಜಪಾನಿನಲ್ಲಿ ಅದು ಸುಮಾರು 40%. ಉಳಿದದ್ದರಲ್ಲಿ ಬಹುಪಾಲು ಹೊಸ ದಾರಿ ಹುಡುಕುವುದಕ್ಕೆ. ಏಷ್ಯಾದವರೆಲ್ಲ ಬಾಯಿಪಾಠ ಅಂದುಕೊಂಡಿದ್ದವರಿಗೆ ಇದು ಶಾಕ್.

ಟ್ಯೂಷನ್ ತಾಯಿ:
ಅಷ್ಟೊಂದು ಚೆನ್ನಾಗಿ ಶಾಲೆಯಲ್ಲೇ ಕಲಿಸಿದರೆ ಅಲ್ಲಿ ಜುಕು, ಅಂದರೆ ಖಾಸಗಿ ಟ್ಯೂಷನ್, ಯಾಕೆ ಬೇಕು? ಸಂಜೆ ಆದರೆ ಊರ ತುಂಬ ಟ್ಯೂಷನ್ ಸೆಂಟರ್. ರಾತ್ರಿ ಹತ್ತರ ಟ್ರೇನಿನಲ್ಲಿ ಬ್ಯಾಗು ಹೊತ್ತ ಮಕ್ಕಳು. ನಮ್ಮ ನೀಟ್ ಕೋಚಿಂಗಿಗೂ ಅದಕ್ಕೂ ಏನು ವ್ಯತ್ಯಾಸ? ಕುಮೋನ್ ಅನ್ನುವ ಟ್ಯೂಷನ್ ಕೂಡ ಅಲ್ಲಿಂದಲೇ ಬಂದದ್ದು. ಒಬ್ಬ ಗಣಿತ ಮೇಷ್ಟ್ರು 1954ರಲ್ಲಿ ತನ್ನ ಮಗನಿಗೆ ದಿನಾ ಒಂದು ಹಾಳೆ ಲೆಕ್ಕ ಬರೆದುಕೊಟ್ಟು ಶುರು ಮಾಡಿದ್ದು. ಈಗ ನಮ್ಮ ಬಡಾವಣೆಯಲ್ಲೂ ಬೋರ್ಡ್ ಇದೆ. ನನ್ನ ಮಗಳಿಗೆ ಹಾಕಿದ್ದೆ. ಹಾಳೆ ಮೇಲೆ ಹಾಳೆ, ಅದೇ ಕೂಡು, ಅದೇ ಕಳೆ. ಮೇಷ್ಟ್ರು ಹೇಳಿದ ಪಾಠಕ್ಕೆ ಇದು ತದ್ವಿರುದ್ಧ ಅಲ್ವಾ? ಎರಡೂ ಜಪಾನಿನದ್ದೇ!

ಡೇಟಾ ದಾವಣಗೆರೆ:
ಎರಡೂ ಒಟ್ಟಿಗೆ ಇವೆ, ಅದೇ ಸ್ವಾರಸ್ಯ. ಶಾಲೆಯಲ್ಲಿ ಯೋಚನೆ, ಜುಕುವಿನಲ್ಲಿ ಅಭ್ಯಾಸ. ಮಕ್ಕಳಿಗೆ ಭಾರ ಆಯಿತು ಅಂತ 2002ರಲ್ಲಿ ಪಠ್ಯವನ್ನು ಸುಮಾರು 30% ಕಡಿಮೆ ಮಾಡಿದರು, ಶನಿವಾರ ಪೂರ್ತಿ ರಜೆ ಕೊಟ್ಟರು. ಯುತೋರಿ ಶಿಕ್ಷಣ ಅಂತ ಹೆಸರು. ಮುಂದಿನ ವರ್ಷದ ಪೀಸಾ ಪರೀಕ್ಷೆಯಲ್ಲಿ (ಹದಿನೈದು ವರ್ಷದ ಮಕ್ಕಳಿಗೆ ಹಲವು ದೇಶಗಳಲ್ಲಿ ನಡೆಯುವ ಪರೀಕ್ಷೆ) ಓದುವ ಸಾಮರ್ಥ್ಯ 8ನೇ ಸ್ಥಾನದಿಂದ 14ಕ್ಕೆ ಇಳಿಯಿತು, ಗಣಿತ 1ರಿಂದ 6ಕ್ಕೆ. ದೇಶದಲ್ಲಿ ಗಲಾಟೆ. ಅಷ್ಟು ಬೇಗ ಹೊಸ ಪಠ್ಯದ ಪರಿಣಾಮ ಹೇಗೆ ಬರುತ್ತದೆ ಅಂತ ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. 2011ರ ಹೊತ್ತಿಗೆ ಪಾಠದ ಗಂಟೆ ಮತ್ತೆ ಏರಿಸಿದರು. 2022ರಲ್ಲಿ ಗಣಿತದಲ್ಲಿ 536 ಅಂಕ, ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟ) ಸರಾಸರಿ 472. ನಾವು 2009ರ ಸುತ್ತಿಗೆ ತಮಿಳುನಾಡು ಮತ್ತು ಹಿಮಾಚಲ ಕಳಿಸಿ ಕೊನೆಯ ಸಾಲಿನಲ್ಲಿ ಕೂತು, ಪ್ರಶ್ನೆಪತ್ರಿಕೆ ನಮ್ಮ ಸಂಸ್ಕೃತಿಗೆ ಹೊಂದಲ್ಲ ಅಂತ ಹೊರಗೆ ಬಂದೆವು.

ತುಂಗಾ ತೀರ:
ಪೀಸಾ ಗೀಸಾ ಬಿಡಿ. ಆ ರೈಲು ಬೋಗಿ ಶಾಲೆ ಪುಸ್ತಕ, 'ತೊತ್ತೋಚಾನ್', ಕನ್ನಡದಲ್ಲೇ ಓದಿದ್ದೇನೆ. ಮಕ್ಕಳು ಬೇಕಾದ ವಿಷಯದಿಂದ ದಿನ ಶುರು ಮಾಡಬಹುದು. ಜಪಾನ್ ಶಾಲೆ ಅಂದರೆ ಅದು.

ಕೋಚಿ ಟು ಕೊಚ್ಚಿ:
ಅದು ಜಪಾನಿನ ಶಾಲೆ ಹೌದು, ಆದರೆ ಜಪಾನಿನ ಮಾದರಿ ಅಲ್ಲ. ಅದರ ಹೆಸರು ತೊಮೊಎ, ಸೊಸಾಕು ಕೊಬಯಾಶಿ ಅನ್ನುವವರು ನಡೆಸಿದ ಪುಟ್ಟ ಖಾಸಗಿ ಶಾಲೆ. ಮಾಮೂಲಿ ಶಾಲೆಯಿಂದ ಹೊರಹಾಕಿದ ಹುಡುಗಿ ಅಲ್ಲಿಗೆ ಬರುತ್ತಾಳೆ ಅನ್ನುವುದೇ ಆ ಕಥೆ. ಆ ಕಾಲದ ಉಳಿದ ಶಾಲೆಗಳಲ್ಲಿ ಮಕ್ಕಳು ಶಿಕ್ಷಣದ ಬಗ್ಗೆ ಚಕ್ರವರ್ತಿ ಹೊರಡಿಸಿದ 1890ರ ರಾಜಾಜ್ಞೆಯ ಮುಂದೆ ತಲೆಬಾಗಿ ನಿಲ್ಲುತ್ತಿದ್ದರು. 1945ರ ಬಾಂಬ್ ದಾಳಿಯಲ್ಲಿ ತೊಮೊಎ ಸುಟ್ಟುಹೋಯಿತು.

ಕೆಆರ್‌ಎಸ್ ಪ್ರೇಮಿ:
ಇಷ್ಟು ಹೊತ್ತು ಸರ್ ಎಂವಿ ಹೆಸರು ಬರಲಿಲ್ಲವಲ್ಲ! ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನಿಗೆ ಹೋಗಿ ನೋಡಿಬಂದರು. ಆಮೇಲೆ ದಿವಾನರಾದಾಗ ಶಿಕ್ಷಣ, ಕೈಗಾರಿಕೆ ಅಂತ ಹಟ ಹಿಡಿದದ್ದರ ಹಿಂದೆ ಅಲ್ಲಿ ಕಂಡದ್ದಿದೆ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಬಂತು. ನಿಮ್ಮ ಹೆಡ್ಮಾಸ್ಟರ್‌ಗೆ ಜಪಾನ್ ಗುಂಗು ಹಿಡಿದರೆ ತಪ್ಪೇನು? ನೂರಿಪ್ಪತ್ತೈದು ವರ್ಷದ ಪರಂಪರೆ ನಮ್ಮದು.

ಕೆಜಿಎಫ್ ಅಕ್ಕ:
ಅವರು ಅಲ್ಲಿಂದ ವಾಟ್ಸಾಪ್ ವಿಡಿಯೋ ತರಲಿಲ್ಲ. 1902ರ ಹೊತ್ತಿಗೆ ಜಪಾನಿನಲ್ಲಿ 90%ಕ್ಕಿಂತ ಜಾಸ್ತಿ ಮಕ್ಕಳು ಶಾಲೆಗೆ ದಾಖಲಾಗಿದ್ದರು. ಆ ದೇಶ ನೋಡಿ ಬಂದವರು ಶಾಲೆ ಕಟ್ಟಿ, ದುಡ್ಡು ಹಾಕಿ ಅಂದರು. ಪೊರಕೆ ಕೊಡಿ ಅನ್ನಲಿಲ್ಲ.

ಡೇಟಾ ದಾವಣಗೆರೆ:
ಇನ್ನೊಂದು ತಮಾಷೆ ಇದೆ. ನಾವು 'ಜಪಾನ್ ಪದ್ಧತಿ' ಅನ್ನುವುದರಲ್ಲಿ ಬಹಳಷ್ಟನ್ನು ಅವರೂ ಹೊರಗಿನಿಂದಲೇ ತಂದದ್ದು. 1872ರಲ್ಲಿ ತೋಕ್ಯೋದ ಶಿಕ್ಷಕರ ಶಾಲೆಯಲ್ಲಿ ಬೋರ್ಡ್ ಮುಂದೆ ನಿಂತು ಇಡೀ ಕ್ಲಾಸಿಗೆ ಒಟ್ಟಿಗೆ ಪಾಠ ಮಾಡುವುದನ್ನು ತೋರಿಸಿಕೊಟ್ಟದ್ದು ಮರಿಯನ್ ಸ್ಕಾಟ್ ಎಂಬ ಅಮೆರಿಕನ್. ಅದಕ್ಕೆ ಮೊದಲು ತೆರಕೋಯಾದಲ್ಲಿ, ನಮ್ಮ ಕೂಲಿಮಠದ ಹಾಗೆ, ಒಬ್ಬೊಬ್ಬರಿಗೆ ಬೇರೆ ಬೇರೆ ಪಾಠ. ಆಮೇಲೆ ಜರ್ಮನ್ ಪದ್ಧತಿ ತಂದರು. ತಂದದ್ದನ್ನು ಟೀಚರುಗಳು ಕೂತು ದಶಕಗಟ್ಟಲೆ ತಿದ್ದಿದರು.

ಬಿಡದಿ ಶಿಫ್ಟ್:
ಕಾರ್ಖಾನೆಯಲ್ಲೂ ಅದೇ ಕಥೆ. ನಾನು ಬಿಡದಿ ಕಡೆ ಒಂದು ಬಿಡಿಭಾಗದ ಕಂಪನಿಯಲ್ಲಿದ್ದೇನೆ. ಹೊಸಬರಿಗೆ ಕೆಲಸ ಕಲಿಸುವ ಕ್ರಮ ಹೀಗಿದೆ. ಮೊದಲು ಅವನಿಗೆ ಏನು ಗೊತ್ತು ಅಂತ ಕೇಳು, ಆಮೇಲೆ ನೀನು ಮಾಡಿ ತೋರಿಸು, ಆಮೇಲೆ ಅವನ ಕೈಯಲ್ಲಿ ಮಾಡಿಸಿ ಯಾಕೆ ಹಾಗೆ ಅಂತ ಅವನ ಬಾಯಲ್ಲೇ ಹೇಳಿಸು, ಕೊನೆಗೆ ಬಿಟ್ಟು ಆಗಾಗ ಹೋಗಿ ನೋಡು. ನಾನು ಇದು ಪಕ್ಕಾ ಜಪಾನ್ ಸರಕು ಅಂದುಕೊಂಡೇ ಬಹಳ ದಿನ ಇದ್ದೆ. ಇದು ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಹೊಸಬರನ್ನು ಬೇಗ ತಯಾರು ಮಾಡಲು ಹುಟ್ಟಿದ್ದು, ಟಿಡಬ್ಲ್ಯುಐ ಅಂತ. ಯುದ್ಧ ಮುಗಿದ ಮೇಲೆ ಅಲ್ಲಿ ಕೈಬಿಟ್ಟರು. ಜಪಾನಿಗೆ ಅಮೆರಿಕದ ಆಡಳಿತ ಇದ್ದಾಗ ಬಂತು, ಅವರು ಉಳಿಸಿಕೊಂಡರು. ಕೆಲಸಗಾರ ಕಲಿಯಲಿಲ್ಲ ಅಂದರೆ ಕಲಿಸುವವನು ಕಲಿಸಲಿಲ್ಲ ಅನ್ನುವ ಮಾತು ಅದರಲ್ಲೇ ಬರುತ್ತದೆ. ನಮ್ಮ ಕಾಲೇಜಿನಲ್ಲಿ ಲ್ಯಾಬ್‌ ಮೇಷ್ಟ್ರು ಮಷಿನ್ ಮುಟ್ಟಲು ಬಿಟ್ಟಿದ್ದರೆ ಅಲ್ಲೇ ಕಲಿಯುತ್ತಿದ್ದೆ.

ಹಾಗೇ ಇನ್ನೊಂದು. ಬಿಡದಿಯಲ್ಲಿ 2007ರಲ್ಲಿ ಟೊಯೋಟ ತರಬೇತಿ ಸಂಸ್ಥೆ ಶುರುವಾಯಿತು. ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿ ಕಡೆಯ ಮಕ್ಕಳಿಗೆ ಅಲ್ಲೇ ಉಳಿದು ಮೂರು ವರ್ಷ ಕಲಿಯುವ ಕೋರ್ಸ್. ಕೈಕೆಲಸದ ಜೊತೆ ದೇಹ, ನಡತೆ ಎರಡಕ್ಕೂ ಒತ್ತು. ಅಲ್ಲಿಂದ ಬಂದ ಹುಡುಗರನ್ನು ಲೈನಿನಲ್ಲಿ ನೋಡಿದರೆ ಗೊತ್ತಾಗುತ್ತದೆ, ಸ್ಪ್ಯಾನರ್ ಇಡುವ ರೀತಿಯೇ ಬೇರೆ.

ಕೆಂಪು ಮೈಸೂರು:
ಅದೇ ಬಿಡದಿಯಲ್ಲಿ 2020ರ ನವೆಂಬರಿನಲ್ಲಿ ಮುಷ್ಕರ, ಲಾಕೌಟ್ ಎಲ್ಲ ಆಯಿತಲ್ಲ. ಕೆಲಸದ ಒತ್ತಡ ಜಾಸ್ತಿ ಅಂತ ಕಾರ್ಮಿಕರು, ಅಶಿಸ್ತು ಅಂತ ಕಂಪನಿ. ಶಿಸ್ತನ್ನು ಹೊಗಳುವಾಗ ಆ ಭಾಗವನ್ನೂ ಹೇಳಬೇಕು.

ಬಿಡದಿ ಶಿಫ್ಟ್:
ಹೇಳಿ ಗುರುವೇ, ಬೇಡ ಅಂದವರು ಯಾರು. ಕಲಿಸುವ ರೀತಿ ಒಳ್ಳೆಯದು ಅಂದೆ. ಲೈನ್ ಸ್ಪೀಡ್ ಒಳ್ಳೆಯದು ಅನ್ನಲಿಲ್ಲ.

ಸೆನ್ಸೇ ಸರಸ್ವತಿ:
ಬೆಂಗಳೂರಿನಲ್ಲಿ ಜಪಾನಿ ಭಾಷೆ ಕಲಿಸುತ್ತೇನೆ. ಕೆಂಪು ಮೈಸೂರು ಹೇಳಿದ ಮಾತು ಅಲ್ಲಿನ ಶಾಲೆಗೂ ಅನ್ವಯಿಸುತ್ತದೆ. 2023ರ ಶಾಲಾ ವರ್ಷದಲ್ಲಿ ಅಲ್ಲಿನ ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳಲ್ಲಿ 3,46,482 ಮಕ್ಕಳು ಮೂವತ್ತು ದಿನ ಅಥವಾ ಅದಕ್ಕಿಂತ ಜಾಸ್ತಿ ಶಾಲೆಗೆ ಬರಲಿಲ್ಲ. ಕಾಯಿಲೆ, ಬಡತನದ ಲೆಕ್ಕ ಬಿಟ್ಟು ಇಷ್ಟು. ಬೆಳಗ್ಗೆ ಎದ್ದರೆ ಹೊಟ್ಟೆನೋವು, ಬಾಗಿಲ ಹತ್ತಿರ ಬಂದರೆ ಕಾಲು ಎತ್ತಲಾಗಲ್ಲ. ಗುಂಪಿನ ಜೊತೆ ಹೊಂದಿಕೊಳ್ಳಲಾಗದ ಮಗುವಿಗೆ ಆ ಸುಂದರ ಗುಂಪೇ ಉರುಳು. 2017ರಲ್ಲಿ ಒಸಾಕಾದ ಒಬ್ಬ ವಿದ್ಯಾರ್ಥಿನಿ ಕೋರ್ಟಿಗೆ ಹೋದಳು. ಹುಟ್ಟಿನಿಂದಲೇ ಕಂದು ಕೂದಲು, ಶಾಲೆಯವರು ಕಪ್ಪು ಬಣ್ಣ ಹಚ್ಚು ಅಂತ ಪದೇ ಪದೇ ಹೇಳುತ್ತಿದ್ದರು ಅಂತ. ಅದರ ನಂತರ ದೇಶದಲ್ಲಿ ಚರ್ಚೆಯಾಗಿ ತೋಕ್ಯೋದ ಹೈಸ್ಕೂಲುಗಳು 2022ರಲ್ಲಿ ಇಂಥ ಕೆಲವು ನಿಯಮ ಕೈಬಿಟ್ಟವು.

ಟೀಚರುಗಳ ಪಾಡೂ ಕೇಳಿ. 2018ರ ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ ಜಪಾನಿನ ಮಾಧ್ಯಮಿಕ ಶಾಲಾ ಟೀಚರ್ ವಾರಕ್ಕೆ 56 ಗಂಟೆ ಕೆಲಸ, ಉಳಿದ ದೇಶಗಳ ಸರಾಸರಿ 38.3. ಪಾಠ ಮಾಡುವ ಗಂಟೆ ಏನೂ ಜಾಸ್ತಿ ಇಲ್ಲ. ಕ್ಲಬ್ಬು, ಕ್ರೀಡೆ, ಮೀಟಿಂಗ್, ಕಾಗದ. ಓವರ್‌ಟೈಮ್ ದುಡ್ಡಿಲ್ಲ, ಅದರ ಬದಲು ಸಂಬಳದ ಮೇಲೆ ಒಂದಿಷ್ಟು ಸೇರಿಸಿ ಕೊಡುವ ಕಾನೂನು 1971ರದ್ದು, ದಶಕಗಳ ಕಾಲ ಅದು ಬರೀ 4% ಇತ್ತು. ಹೊಸಬರು ಆ ಕೆಲಸಕ್ಕೆ ಬರಲು ಹೆದರುತ್ತಿದ್ದಾರೆ.

ನಗೋಯಾ ಪಕ್ಕದವನು:
ನಿಜ. ನನ್ನ ಮಗಳ ಟೀಚರ್ ಸಂಜೆ ಏಳಕ್ಕೆ ಫೋನ್ ಮಾಡುತ್ತಾರೆ, ಶಾಲೆಯಿಂದಲೇ.

ಮಲೆನಾಡ ಮೇಷ್ಟ್ರು:
ಸರಸ್ವತಿಯವರು ಹೇಳಿದ್ದು ಒಪ್ಪುತ್ತೇನೆ. ಆದರೆ ನಮ್ಮ ಟೀಚರುಗಳೂ ಆರಾಮಾಗಿಲ್ಲ. ಜನಗಣತಿ, ಚುನಾವಣೆ, ಸಮೀಕ್ಷೆ, ಮೊಟ್ಟೆ ಲೆಕ್ಕ, ಆ್ಯಪ್‌ಗೆ ಫೋಟೋ. ನಮ್ಮ ಹೊರೆ ಪಾಠದಿಂದ ದೂರ ಎಳೆಯುತ್ತದೆ, ಅವರ ಹೊರೆಯಲ್ಲಿ ಒಂದಿಷ್ಟಾದರೂ ಪಾಠಕ್ಕೆ ಸೇರಿದ್ದು.

ನಮ್ಮಲ್ಲೂ ಆಗಿದೆ ಅಂತ ನೆನಪಿಸುತ್ತೇನೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಶುರುವಾದಾಗ ಟೀಚರುಗಳೇ ಆಂಧ್ರದ ಋಷಿ ವ್ಯಾಲಿ ಶಾಲೆಗಳನ್ನು ನೋಡಿಬಂದು, ತಾವೇ ಕೂತು ಕಲಿಕೆಯ ಕಾರ್ಡು ಬರೆದರು. ತಮ್ಮ ಮಕ್ಕಳ ಆಡುಮಾತು, ಆಟ, ಹಾಡು ಎಲ್ಲ ಸೇರಿಸಿದರು. ಆಗ ಅದಕ್ಕೆ ಜೀವ ಇತ್ತು. ಆಮೇಲೆ ರಾಜ್ಯಕ್ಕೆಲ್ಲ ಹೋದಾಗ ಕಾರ್ಡು ಬಾಕ್ಸಿನಲ್ಲಿ ಪ್ರಿಂಟಾಗಿ ಬಂತು, ಬರೆದ ಟೀಚರ್ ಜೊತೆಗೆ ಬರಲಿಲ್ಲ. ಕ್ಲಸ್ಟರ್ ಸಮಾಲೋಚನಾ ಸಭೆ ಅಂತ ಇದೆಯಲ್ಲ, ಅದು ಪಾಠ ನೋಡುವುದಕ್ಕೆ ಹೇಳಿ ಮಾಡಿಸಿದ ಜಾಗ. ನಾನಿದ್ದ ಕಾಲಕ್ಕೆ ಅಲ್ಲಿ ಸುತ್ತೋಲೆ ಓದಿ, ಟೀ ಕುಡಿದು, ಸಹಿ ಹಾಕಿ ಬರುತ್ತಿದ್ದೆವು.

ಎಸ್‌ಡಿಎಂಸಿ ಮೆಂಬರ್:
ಎಲ್ಲ ಓದಿದೆ. ಫಾರ್ವರ್ಡ್ ವಿಷಯ ಹೆಡ್ಮಾಸ್ಟರ್‌ಗೆ ಹೇಳಿದೆ, ಸ್ವಲ್ಪ ಮುಖ ಸಣ್ಣಗಾಯಿತು. ಸರದಿ ಪಟ್ಟಿಗೆ ಒಪ್ಪಿದ್ದಾರೆ, ಶೌಚಾಲಯ ಕೈಬಿಟ್ಟಿದ್ದಾರೆ, ಟೀಚರುಗಳೂ ಸೇರುವ ಮಾತಿಗೆ ಸ್ಟಾಫ್ ರೂಮಿನಲ್ಲಿ ಗಲಾಟೆ ನಡೆಯುತ್ತಿದೆ. ಮೇಷ್ಟ್ರೇ, ನೀವು ಒಂದು ದಿನ ಬಂದು ಆ ಪಾಠ ನೋಡುವ ಕ್ರಮ ಹೇಳಿಕೊಡುತ್ತೀರಾ?

ಮಲೆನಾಡ ಮೇಷ್ಟ್ರು:
ಬರುತ್ತೇನೆ. ಭಾಷಣ, ಶಾಲು, ಹಾರ ಬೇಡ. ಒಬ್ಬರು ಪಾಠ ಮಾಡಲು ತಾವಾಗಿ ಒಪ್ಪಬೇಕು, ಯಾರನ್ನೂ ತಳ್ಳಬೇಡಿ. ಹಿಂದಿನ ವಾರ ಎಲ್ಲರೂ ಕೂತು ಆ ಪಾಠ ತಯಾರು ಮಾಡಿರಬೇಕು. ವಿಡಿಯೋ ಮಾಡಿ ಗ್ರೂಪಿಗೆ ಹಾಕಿದರೆ ನಾನು ಅಲ್ಲಿಂದಲೇ ಬಸ್ ಹತ್ತುತ್ತೇನೆ.

ಹಾಸನ್ ಹೈವೇ:
ಮೊದಲ ಪಾಠ ಹೆಡ್ಮಾಸ್ಟರೇ ಮಾಡಲಿ. ಆಗ ಉಳಿದವರ ಹೆದರಿಕೆ ಹೋಗುತ್ತದೆ.

ಟ್ಯೂಷನ್ ತಾಯಿ:
ಐಡಿಯಾ ಚೆನ್ನಾಗಿದೆ. ಆದರೆ ನಲವತ್ತು ಮಕ್ಕಳಿಗೆ ಮೂವರು ಟೀಚರ್ ಇರುವ ಶಾಲೆಯಲ್ಲಿ ಇಬ್ಬರು ಹೋಗಿ ಒಬ್ಬರ ಪಾಠ ನೋಡುತ್ತಾ ನಿಂತರೆ ಉಳಿದ ಕ್ಲಾಸು ಯಾರು ನೋಡುತ್ತಾರೆ?

ಮಲೆನಾಡ ಮೇಷ್ಟ್ರು:
ಅವತ್ತು ಉಳಿದ ಮಕ್ಕಳನ್ನು ಬೇಗ ಕಳಿಸುವುದು ಅಲ್ಲಿನ ಪದ್ಧತಿ. ಇಲ್ಲಿ ಎಸ್‌ಡಿಎಂಸಿಯವರು ಒಂದು ಪಿರಿಯಡ್ ಕಥೆ ಹೇಳಲಿ, ಆಟ ಆಡಿಸಲಿ. ಅಷ್ಟೂ ಆಗದಿದ್ದರೆ ಶನಿವಾರ.

ಐಟಿಐ ಹುಡುಗ ಗದಗ:
ಸರ್, ಮಧ್ಯೆ ಬಂದೆ, ಬೇರೆ ವಿಷಯ. ಫಿಟ್ಟರ್ ಮುಗಿಸಿದ್ದೇನೆ. ಜಪಾನಿಗೆ ಟ್ರೇನಿಂಗ್‌ಗೆ ಕಳಿಸುತ್ತೇವೆ ಅಂತ ಒಬ್ಬ ಏಜೆಂಟ್ ದುಡ್ಡು ಕೇಳುತ್ತಿದ್ದಾನೆ. ಹೋಗಬಹುದಾ?

ಸೆನ್ಸೇ ಸರಸ್ವತಿ:
ದುಡ್ಡು ಕೊಡಬೇಡಿ. ತಾಂತ್ರಿಕ ಇಂಟರ್ನ್ ಯೋಜನೆ 1993ರಿಂದ ಇದೆ. ಭಾರತದ ಜೊತೆ ಒಪ್ಪಂದ ಆಗಿದ್ದು 2017ರಲ್ಲಿ. ಹೆಸರಿಗೆ ಕೌಶಲ ಕಲಿಸುವುದು, ಆದರೆ ಎಷ್ಟೋ ಕಡೆ ಕಡಿಮೆ ಸಂಬಳದ ಕೂಲಿಯೇ ಆಯಿತು. ಇಷ್ಟವಿಲ್ಲದಿದ್ದರೂ ಕಂಪನಿ ಬದಲಿಸಲು ಬಿಡುತ್ತಿರಲಿಲ್ಲ. ಅದಕ್ಕೇ 2024ರಲ್ಲಿ ಕಾನೂನು ಬದಲಿಸಿದರು. 2027ರಲ್ಲಿ ಬರುವ ಹೊಸ ಯೋಜನೆಯಲ್ಲಿ ಒಂದೆರಡು ವರ್ಷದ ನಂತರ ಷರತ್ತಿನ ಮೇಲೆ ಬದಲಿಸಬಹುದು. ಇನ್ನೊಂದು ದಾರಿ 2019ರಲ್ಲಿ ಬಂದ ನಿರ್ದಿಷ್ಟ ಕೌಶಲದ ವೀಸಾ. ಅದಕ್ಕೆ ಕೌಶಲ ಪರೀಕ್ಷೆ ಮತ್ತು ಎನ್4 ಮಟ್ಟದ ಜಪಾನಿ ಭಾಷೆ ಬೇಕು (ಭಾಷಾ ಪರೀಕ್ಷೆಯಲ್ಲಿ ಎನ್5 ಎಲ್ಲಕ್ಕಿಂತ ಸುಲಭದ್ದು, ಎನ್4 ಅದರ ಮೇಲಿನದು). ಏಜೆಂಟ್ ಹೆಸರು ಸರ್ಕಾರ ಒಪ್ಪಿದ ಸಂಸ್ಥೆಗಳ ಪಟ್ಟಿಯಲ್ಲಿ ಇದೆಯಾ ಅಂತ ರಾಷ್ಟ್ರೀಯ ಕೌಶಲಾಭಿವೃದ್ಧಿ ನಿಗಮದಲ್ಲಿ (ಎನ್‌ಎಸ್‌ಡಿಸಿ) ನೋಡಿ.

ಬಿಡದಿ ಶಿಫ್ಟ್:
ಗದಗದ ತಮ್ಮ, ಆ ಏಜೆಂಟ್ ಹತ್ತಿರ ಒಂದೇ ಪ್ರಶ್ನೆ ಕೇಳು. ಯಾವ ಊರು, ಯಾವ ಕಂಪನಿ, ಕೈಗೆ ಎಷ್ಟು ಬರುತ್ತದೆ, ರೂಮಿಗೆ ಎಷ್ಟು ಹಿಡಿಯುತ್ತಾರೆ. ಬರೆದು ಕೊಡು ಅನ್ನು.

ಐಟಿಐ ಹುಡುಗ ಗದಗ:
ಅದು ನಾಲ್ಕು ಪ್ರಶ್ನೆ ಆಯಿತು ಸರ್. ಕೇಳುತ್ತೇನೆ. ಎನ್5ಗೆ ಯೂಟ್ಯೂಬ್ ಸಾಕಾ, ಇಲ್ಲ ಕ್ಲಾಸಿಗೆ ಸೇರಬೇಕಾ?

ಸೆನ್ಸೇ ಸರಸ್ವತಿ:
ಹಿರಾಗಾನ, ಕತಕಾನ ಎರಡು ಲಿಪಿ ನೀವೇ ಕಲಿಯಬಹುದು. ವಾಕ್ಯದ ಕ್ರಮ ಕನ್ನಡದ ಥರವೇ, ಕ್ರಿಯಾಪದ ಕೊನೆಗೆ ಬರುತ್ತದೆ, ಅಲ್ಲಿ ನಿಮಗೆ ಕಷ್ಟ ಆಗಲ್ಲ. ಕೇಳಿ ಅರ್ಥ ಮಾಡಿಕೊಳ್ಳುವುದಕ್ಕೆ ಮಾತ್ರ ಜೊತೆ ಬೇಕು. ಪರೀಕ್ಷೆ ಜುಲೈ ಮತ್ತು ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲೂ ಕೇಂದ್ರ ಇದೆ. ಸೀಟು ಬೇಗ ತುಂಬುತ್ತದೆ, ಅರ್ಜಿ ಬಿಟ್ಟ ದಿನವೇ ಹಾಕಿ.